ನಾನು ನಂಜಮ್ಮನ ಗಂಡ

2025ರ ಸೆಪ್ಟೆಂಬರ್ 24ರಂದು ಕಾದಂಬರಿಕಾರ ಎಸ್.ಎಲ್. ಭೈರಪ್ಪನವರು ತೀರಿಕೊಂಡ ಸುದ್ದಿ ಬಂದಾಗ ನಾನು ತಿಕೋಟಾದಲ್ಲಿ ಔಷಧಿ ಅಂಗಡಿ ಮುಂದೆ ನಿಂತಿದ್ದೆ. ಔಷಧಿ ಅಂದರೆ ದ್ರಾಕ್ಷಿಗೆ ಹೊಡೆಯೋದು. ಮನೆಗೆ ಬಂದವನೇ ಟ್ರಂಕಿನಿಂದ ಅವರ ‘ಗೃಹಭಂಗ’ ಹುಡುಕಿ ತೆಗೆದೆ. ವಿಜಯಪುರದಲ್ಲಿ ಕಾಲೇಜಿಗೆ ಹೋಗುವಾಗ ಓದಿದ್ದು, ಇಪ್ಪತ್ತು ವರ್ಷದ ಮೇಲಾಯಿತು. ಹೊರಗೆ ಮಳೆ ಹಿಡಿದುಕೊಂಡಿತ್ತು, ತೋಟದಲ್ಲಿ ಕಾಲಿಡುವ ಹಾಗಿರಲಿಲ್ಲ. ಸುಮ್ನೆ ಓದುತ್ತಾ ಕೂತೆ.

ಆಗ ಓದಿದಾಗ ನಂಜಮ್ಮನಿಗಾಗಿ ಅತ್ತಿದ್ದೆ. ಎಲ್ಲರೂ ಅಳ್ತಾರೆ ಬಿಡಿ. ನಮ್ಮವ್ವ ಥೇಟ್ ನಂಜಮ್ಮನೇ ಅಂತ ರೂಮಿನ ಗೆಳೆಯರ ಮುಂದೆ ಹೇಳಿಕೊಂಡಿದ್ದೂ ನೆನಪಿದೆ. ಅವರೂ ಅವರವರ ಅವ್ವಂದಿರ ಬಗ್ಗೆ ಅದನ್ನೇ ಹೇಳಿದ್ದರು. ಒಬ್ಬನಾದರೂ ನಮ್ಮಪ್ಪ ಚೆನ್ನಿಗರಾಯ ಅನ್ನಲಿಲ್ಲ. ಅಷ್ಟೊಂದು ನಂಜಮ್ಮಂದಿರಿಗೆ ಗಂಡಂದಿರೇ ಇರಲಿಲ್ಲವೇನೋ.

ಓದದವರಿಗೆ ಸ್ವಲ್ಪ ಹೇಳ್ತೀನಿ. 1970ರಲ್ಲಿ ಬಂದ ಕಾದಂಬರಿ. ತಿಪಟೂರು, ಚನ್ನರಾಯಪಟ್ಟಣದ ಕಡೆಯ ಹಳ್ಳಿಗಳು, ಪ್ಲೇಗು ಬಂದು ಬಂದು ಹೋಗುತ್ತಿದ್ದ ಕಾಲ. ಚೆನ್ನಿಗರಾಯ ಅಲ್ಲಿ ಶಾನುಭೋಗ, ನಮ್ಮ ಕಡೆ ಕುಲಕರ್ಣಿ ಅಂತೀವಲ್ಲ, ಅದು. ಮನೆತನದಿಂದ ಬಂದ ಕೆಲಸ, ಆದರೆ ಲೆಕ್ಕ ಬರೆಯಲು ಬರಲ್ಲ. ಹೆಂಡತಿ ನಂಜಮ್ಮ ಕಲಿತು ಬರೆಯುತ್ತಾಳೆ. ಸಹಿ ಅವನದು. ಅವಳು ಮುತ್ತುಗದ ಎಲೆ ಹಚ್ಚಿ, ಮಾರಿ ಮಕ್ಕಳನ್ನು ಸಾಕುತ್ತಾಳೆ. ಅವನು ಮಕ್ಕಳಿಗೆ ಉಳಿಯಿತೋ ಇಲ್ಲವೋ ಅಂತ ನೋಡದೆ ಉಂಡು ಮಲಗುತ್ತಾನೆ. ಕೈಗೆ ದುಡ್ಡು ಬಂದರೆ ಹೋಟೆಲು.

ಈ ಸಲ ಆ ಲೆಕ್ಕ ಬರೆಯುವ ಭಾಗ ಓದುತ್ತಿದ್ದೆ. ಎದುರಿಗೆ ನನ್ನ ಹೆಂಡತಿ ಕೂತು ಲೆಕ್ಕ ಬರೆಯುತ್ತಿದ್ದಳು. ಕಥೆ ಕಟ್ಟುತ್ತಿಲ್ಲ, ನಿಜ. ಅಕ್ಟೋಬರ್ ಚಾಟ್ನಿ ಹತ್ತಿರ ಬಂದಿತ್ತು, ಚಾಟ್ನಿ ಅಂದರೆ ಬಳ್ಳಿ ಕತ್ತರಿಸುವುದು. ಹಣ್ಣು ಬಿಡುವುದು ಈ ಅಕ್ಟೋಬರ್ ಚಾಟ್ನಿಯ ಮೇಲೆಯೇ. ಎಷ್ಟು ಆಳು ಬೇಕು, ಯಾರಿಗೆ ಮುಂಗಡ ಕೊಟ್ಟಿದೆ, ಯಾವ ಪ್ಲಾಟಿಗೆ ಯಾವತ್ತು ಏನು ಹೊಡೆದದ್ದು, ಸೊಸೈಟಿ ಕಂತು ಎಷ್ಟು ಉಳಿದಿದೆ, ಎಲ್ಲ ಅವಳ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಇರುತ್ತದೆ. ಬರೆಯುತ್ತಾ ಬರೆಯುತ್ತಾ ಒಂದು ಕಾಗದ ನನ್ನ ಕಡೆ ಸರಿಸಿದಳು.

‘ರೀ, ಇಲ್ಲೊಂದು ಸಹಿ ಹಾಕ್ರಿ.’

ಹಾಕಿದೆ. ಏನು ಕಾಗದ ಅಂತ ನೋಡಲಿಲ್ಲ. ಆಮೇಲೆ ಮತ್ತೆ ಪುಸ್ತಕಕ್ಕೆ ಬಂದರೆ ಅಲ್ಲಿ ಅವನೂ ಅದನ್ನೇ ಮಾಡುತ್ತಿದ್ದಾನೆ! ಮೈ ಸಣ್ಣಗೆ ಬೆವರಿತು.

ನಮ್ಮದು ನಾಲ್ಕು ಎಕರೆ ದ್ರಾಕ್ಷಿ. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ನನ್ನ ಹೆಸರಿದೆ. ದಾರಿಯಲ್ಲಿ ಸಿಕ್ಕವರು ನನ್ನನ್ನು ಸಾವ್ಕಾರ್ರ ಅಂತಾರೆ. ದ್ರಾಕ್ಷಿಯವರು ಭೇಟಿಯಾದರೆ ಮೊದಲು ಕೇಳೋದು ‘ಎಷ್ಟು ದಿನದ ಪ್ಲಾಟು?’ ಅಂತ. ಚಾಟ್ನಿಯಾದ ದಿನದಿಂದ ಎಣಿಸಬೇಕು, ನೀರು, ಗೊಬ್ಬರ, ಔಷಧಿ ಎಲ್ಲ ಆ ಲೆಕ್ಕದ ಮೇಲೆಯೇ. ಯಾರಾದರೂ ಹಾಗೆ ಕೇಳಿದರೆ ನಾನು ಫೋನ್ ತೆಗೆದು ಹೆಂಡತಿಗೆ ಹಚ್ಚುತ್ತೇನೆ. ಇಷ್ಟು ವರ್ಷ ಅದು ನನಗೆ ನಾಚಿಕೆ ಅನಿಸಿರಲೇ ಇಲ್ಲ.

ಇನ್ನು ಮನೂಕದ, ಅಂದರೆ ಒಣದ್ರಾಕ್ಷಿಯ ಸುಗ್ಗಿ. ಗೊನೆ ಕೊಯ್ದು, ಡಿಪ್ಪಿಂಗ್ ಎಣ್ಣೆ ಮತ್ತು ಪೊಟ್ಯಾಷಿಯಂ ಕಾರ್ಬೊನೇಟ್ ಕಲಸಿದ ನೀರಲ್ಲಿ ಅದ್ದಿ, ಶೆಡ್ಡಿನ ಜಾಳಿಗೆಯ ಮೇಲೆ ಹರಡಬೇಕು. ಒಣಗಲು ಎರಡು ವಾರ ಹಿಡಿಯುತ್ತದೆ. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿಗೆ ಒಂದು ಕಿಲೋ ಮನೂಕ. ನಡುವೆ ಅಕಾಲ ಮಳೆ ಬಂತೋ, ಬಣ್ಣ ಕೆಡುತ್ತದೆ, ರೇಟು ಬೀಳುತ್ತದೆ. ಮೋಡ ಕಂಡ ರಾತ್ರಿಗಳಲ್ಲಿ ಅವಳು ಶೆಡ್ಡಿನಲ್ಲೇ ಇರುತ್ತಾಳೆ, ತಾಡಪತ್ರಿ ಬಿಗಿಯುತ್ತಾ. ನಾನೂ ಇರ್ತೀನಿ, ಇಲ್ಲ ಅಂತಲ್ಲ. ಆದರೆ ನನಗೆ ಬೇಗ ನಿದ್ದೆ ಬರುತ್ತದೆ.

ಮಾಲು ಮಹಾರಾಷ್ಟ್ರದ ತಾಸಗಾಂವ ಪೇಟೆಗೆ ಹೋಗುವಾಗ ಮಾತ್ರ ಗಾಡಿಯಲ್ಲಿ ಮುಂದೆ ಕೂರುವವನು ನಾನು. ಹೋದ ವರ್ಷ ಮಾರಾಟ ಮುಗಿಸಿ ಸಾಂಗಲಿಯಲ್ಲಿ ಒಂದು ದಿನ ಜಾಸ್ತಿ ಉಳಿದೆ. ಗೆಳೆಯರಿದ್ದರು. ಬೆಳಿಗ್ಗೆ ಮಿಸಳ್, ರಾತ್ರಿ ಮಟನ್ ತಾಟು, ಮಾರನೇ ದಿನ ಮತ್ತೊಂದು ಸಲ ಮಟನ್ ತಾಟು. ಆ ಹೊತ್ತಿಗೆ ಮನೆಯಲ್ಲಿ ಅವಳು ಹಿಂದಿನ ವಾರದ ಪಗಾರ ಕೇಳಲು ಬಂದ ಹೆಣ್ಣಾಳುಗಳಿಗೆ ‘ನಾಳೆ ಬರ್ತಾರ, ನಾಳೆ ಕೊಡ್ತೀವಿ’ ಅಂತ ಹೇಳಿ ಕಳಿಸಿದ್ದಳು. ಚೆನ್ನಿಗರಾಯ ಹೋಟೆಲಿನಲ್ಲಿ ಕೂತು ತಿನ್ನುವುದನ್ನು ಓದುವಾಗ ನನಗೆ ಆ ತಾಟು ಕಣ್ಣ ಮುಂದೆ ಬಂತು. ರಸ್ಸಾ ಚೆನ್ನಾಗಿತ್ತು, ಅದೂ ನೆನಪಾಯಿತು. ಏನು ಮಾಡಲಿ.

ನಾನು ಅವನ ಹಾಗೆ ಹೊಲಸು ಬೈಯುವುದಿಲ್ಲ. ಮಕ್ಕಳ ಪಾಲು ಕಸಿದು ತಿಂದವನೂ ಅಲ್ಲ. ಹೀಗೆ ಒಂದೊಂದೇ ಲೆಕ್ಕ ಹಾಕಿ ಸಮಾಧಾನ ಮಾಡಿಕೊಂಡೆ. ಆದರೆ ಚೆನ್ನಿಗರಾಯನಿಗೂ ತಾನು ಕೆಟ್ಟವನು ಅಂತ ಒಂದು ದಿನವೂ ಅನಿಸಿರಲಿಲ್ಲವಲ್ಲ? ಊರವರು ಶಾನುಭೋಗರು ಅಂದರು, ಹೌದು ಅಂದ. ಹಿಂದೆ ಓದಿದಾಗ ಇಂಥ ಮನುಷ್ಯ ಎಲ್ಲಿ ಇರ್ತಾನೆ, ಲೇಖಕರು ಜಾಸ್ತಿ ಮಾಡಿದ್ದಾರೆ ಅಂತ ಗೊಣಗಿದ್ದೆ. ಆಮೇಲೆ ‘ಭಿತ್ತಿ’ ಓದಿದೆ, ಅವರ ಆತ್ಮಕಥೆ. ನಂಜಮ್ಮನ ಹಾಗೆ ಅವರ ತಾಯಿಯೂ ಪ್ಲೇಗಿನಲ್ಲೇ ಹೋದವರು. ಅವತ್ತಿಂದ ಜಾಸ್ತಿ ಮಾಡಿದ್ದಾರೆ ಅನ್ನೋ ಮಾತು ಬಾಯಿಗೆ ಬರಲಿಲ್ಲ.

‘ಅಷ್ಟ ಏನ ಓದಾಕತ್ತೀರಿ?’ ಅಂತ ಅವಳು ಕೇಳಿದಳು. ಕಥೆ ಹೇಳಿದೆ. ನಂಜಮ್ಮನ ಇಬ್ಬರು ಮಕ್ಕಳು ಪ್ಲೇಗಿಗೆ ಹೋದದ್ದು, ಕಡೆಗೆ ಅವಳೂ ಹೋದದ್ದು, ಎಲ್ಲ. ನಾ ಆ ಚೆನ್ನಿಗರಾಯನಂಗ ಅದೀನಿ ಅನಸ್ತದ ನೋಡು, ಅಂತಲೂ ಅಂದೆ. ಅಲ್ಲ ಬಿಡ್ರಿ ಅನ್ನಬಹುದು ಅಂತ ಒಳಗೊಳಗೇ ಕಾದಿದ್ದೆ.

‘ಅಂವಗ ಕಡೀಕರೆ ತಿಳೀತೇನ್ರಿ?’ ಅಂದಳು.

‘ಇಲ್ಲ’ ಅಂದೆ.

‘ಹೂಂ’ ಅಂತ ಮತ್ತೆ ಬರೆಯತೊಡಗಿದಳು.

ಆ ಸಲದ ಚಾಟ್ನಿಯ ಮೊದಲ ಪುಟ ನಾನೇ ಬರೀತೀನಿ ಅಂತ ಹಟ ಮಾಡಿ ಪೆನ್ನು ತಗೊಂಡೆ. ತಾರೀಖು ಹಾಕಿದೆ, ಆಳುಗಳ ಹೆಸರು ಹಾಕಿದೆ, ಗಂಡಾಳಿನ ಪಗಾರವನ್ನು ಹೆಣ್ಣಾಳಿನ ಸಾಲಿನಲ್ಲಿ ಬರೆದೆ, ಕೂಡಿಸುವಾಗ ಎರಡು ಸಲ ತಪ್ಪಿತು. ಅವಳು ನೋಡಿ ಪುಟದ ಮೇಲೆ ಅಡ್ಡ ಗೆರೆ ಹೊಡೆದಳು. ‘ಕೊಡ್ರಿ ಇತ್ಲಾಗ, ನಾನ ಬರೀತೀನಿ’ ಅಂದಳು.

ಕೊಟ್ಟೆ. ಅಡುಗೆ ಏನು ಅಂತ ಕೇಳಿದೆ.