ಹೊನ್ನಾವರಕ್ಕೆ ಹೋದರೆ ಅಳಿವೆಯನ್ನೊಮ್ಮೆ ಸರಿಯಾಗಿ ನೋಡಿ

ಹೊನ್ನಾವರಕ್ಕೆ ಬರುವ ಪ್ರವಾಸಿಗರು ಈಗ ಜಾಸ್ತಿಯಾಗಿದ್ದಾರೆ. ಶರಾವತಿಯಲ್ಲಿ ಬೋಟಿಂಗ್ ಮಾಡಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಫೋಟೊ ತೆಗೆಸಿಕೊಂಡು, ಕಾಸರಕೋಡಿನ ಇಕೋ ಬೀಚಿನಲ್ಲಿ ಸಂಜೆ ಕಳೆದು, ಮರುದಿನ ಮುರುಡೇಶ್ವರಕ್ಕೋ ಗೋಕರ್ಣಕ್ಕೋ ಹೊರಟುಬಿಡುತ್ತಾರೆ. ಬರಲಿ, ಖುಷಿಪಡಲಿ. ಆದರೆ ತಾವು ಸುತ್ತಾಡಿದ ಅಳಿವೆ, ಅಂದರೆ ಹೊಳೆ ಕಡಲು ಸೇರುವ ಜಾಗ, ಒಂದು ಕಾಲದ ದೊಡ್ಡ ಬಂದರು ಅಂತ ಅವರಿಗೆ ಯಾರೂ ಹೇಳುವುದಿಲ್ಲ. ನನಗೆ ಬೇಜಾರಾಗುವುದು ಅದೇ.

14ನೇ ಶತಮಾನದಲ್ಲಿ ಮೊರಾಕ್ಕೊದ ಯಾತ್ರಿಕ ಇಬ್ನ್ ಬತೂತ ಇಲ್ಲಿಗೆ ಬಂದಿದ್ದ. ಆಗ ಊರನ್ನು ಆಳುತ್ತಿದ್ದ ಸುಲ್ತಾನ ಜಮಾಲುದ್ದೀನನ ಹಡಗುಗಳಿಗೆ ಹೆದರಿ ಮಲಬಾರಿನವರು ಕಪ್ಪ ಕೊಡುತ್ತಿದ್ದರು ಎಂದು ಬರೆದಿದ್ದಾನೆ. ಅದಕ್ಕಿಂತ ನನಗೆ ಇಷ್ಟವಾಗುವುದು ಇನ್ನೊಂದು ಮಾತು. ಈ ಊರಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆ ಇದ್ದವಂತೆ, ಇಂಥದ್ದನ್ನು ಬೇರೆಲ್ಲೂ ನೋಡಿಲ್ಲ ಅನ್ನುತ್ತಾನೆ. ಅರ್ಧ ಪ್ರಪಂಚ ತಿರುಗಿದವನ ಮಾತು ಇದು! ಹೊನ್ನಾವರದ ಬಸ್ ಸ್ಟ್ಯಾಂಡಿನಲ್ಲಿ ದೊಡ್ಡದಾಗಿ ಬರೆಸಿ ಹಾಕಬೇಕಲ್ವಾ?

ಆಮೇಲೆ ವಿಜಯನಗರದ ಕಾಲ. ಇಲ್ಲಿಗೂ ಭಟ್ಕಳಕ್ಕೂ ಹಡಗಿನಲ್ಲಿ ಕುದುರೆ ಬರುತ್ತಿತ್ತು, ಹೋಗುವಾಗ ಕಾಳುಮೆಣಸು ಹೋಗುತ್ತಿತ್ತು. ವಿಜಯನಗರ ನೋಡಿದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ 1444ರಲ್ಲಿ ಊರಿಗೆ ವಾಪಸ್ ಹೋಗಲು ಹಡಗು ಹತ್ತಿದ್ದೂ ಇಲ್ಲೇ. ಮೆಣಸು ಬೆಳೆಯುತ್ತಿದ್ದುದು ಘಟ್ಟದಲ್ಲಿ. ಅದು ಇದೇ ಶರಾವತಿ ದಡದ ಗೇರುಸೊಪ್ಪೆಗೆ ಇಳಿದು, ಅಲ್ಲಿಂದ ಹೊಳೆಯಲ್ಲಿ ದೋಣಿ ಮೇಲೆ ಅಳಿವೆಗೆ ಬರುತ್ತಿತ್ತು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಅಂತ ಕರೆದದ್ದು ಸುಮ್ನೆ ಅಲ್ಲ. ಅವರಿಗೆ ಬೇಕಾದ ಸರಕು ಅವಳ ಕೈಯಲ್ಲಿತ್ತು.

ಪೋರ್ಚುಗೀಸರು ಬಂದ ಮೇಲೆ ಊರಿಗೆ ನೆಮ್ಮದಿ ಇರಲಿಲ್ಲ. 1505ರಲ್ಲಿ ಅವರ ವೈಸರಾಯ್ ಅಲ್ಮೇಡಾ ಬಂದು ಇಲ್ಲಿ ಬೆಂಕಿ ಹಾಕಿದ. ಐದೇ ವರ್ಷದಲ್ಲಿ ಇದೇ ಸೀಮೆಯ ತಿಮ್ಮೋಜ ಎಂಬ ಕಡಲ ದಂಡಿನ ನಾಯಕ, ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕನ ಜೊತೆ ಸೇರಿಕೊಂಡು ಗೋವಾ ಹಿಡಿಯುವ ದಾರಿ ತೋರಿಸಿದ. ಗೋವಾಕ್ಕೆ ಹೋದವರಿಗೆ ಪೋರ್ಚುಗೀಸರ ಚರ್ಚು, ಕೋಟೆ ಎಲ್ಲ ಗೊತ್ತು, ತಿಮ್ಮೋಜನ ಹೆಸರು ಮಾತ್ರ ಗೊತ್ತಿಲ್ಲ.

ಈಗಿನ ಅಳಿವೆಗೆ ಬರೋಣ. ಕಾಂಡ್ಲಾ ವನದಲ್ಲಿ ಅರಣ್ಯ ಇಲಾಖೆ ಮರದ ಕಾಲುದಾರಿ ಮಾಡಿದೆ. ನೀರು ಇಳಿದ ಹೊತ್ತಿಗೆ ಹೋಗಿ. ಕೆಸರಿನಿಂದ ಬೆರಳಿನಷ್ಟು ದಪ್ಪದ ಬೇರುಗಳು ಸಾವಿರಗಟ್ಟಲೆ ಮೇಲಕ್ಕೆದ್ದು ನಿಂತಿರುತ್ತವೆ, ಗಿಡ ಉಸಿರಾಡುವುದು ಅವುಗಳಿಂದಲೇ. ಬುಡದಲ್ಲಿ ಪುಟ್ಟ ಏಡಿಗಳು ಓಡಾಡುತ್ತಿರುತ್ತವೆ, ನಿಮ್ಮ ಹೆಜ್ಜೆ ಸದ್ದಿಗೆ ಎಲ್ಲ ಒಟ್ಟಿಗೇ ಬಿಲ ಸೇರುತ್ತವೆ. ಮೀನು ಮರಿ ಬೆಳೆಯುವುದೂ ಈ ಬೇರುಗಳ ನಡುವೆಯೇ. ಕಾಸರಕೋಡಿನ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕಿದ ಮೇಲೆ ಜನ ಇನ್ನೂ ಹೆಚ್ಚಾದರು.

ಪಕ್ಕದಲ್ಲಿರುವ ಟೊಂಕ ಎಂಬ ಮೀನುಗಾರರ ಊರಿನಲ್ಲಿ ಹೆಂಗಸರು ಮರಳ ಮೇಲೆ ಮೀನು ಒಣಗಿಸುತ್ತಾರೆ, ಕಡಲಾಮೆಗಳು ಮೊಟ್ಟೆ ಇಡುತ್ತವೆ. ಅಲ್ಲೇ ಖಾಸಗಿ ಬಂದರು ಕಟ್ಟುವ ಯೋಜನೆ ಇದೆ, ಮೀನುಗಾರರು ವರ್ಷಗಳಿಂದ ವಿರೋಧಿಸುತ್ತಿದ್ದಾರೆ. ನಾನು ಅವರ ಪರ. ಹೂಳು ತುಂಬಿದ ಅಳಿವೆಯಲ್ಲಿ ಜೀವ ಕೈಯಲ್ಲಿ ಹಿಡಿದು ಬೋಟು ದಾಟಿಸುವವರು ಅವರು. ಬಂದರಿನ ಹೆಸರಲ್ಲಿ ಅವರನ್ನೇ ದಡದಿಂದ ಎಬ್ಬಿಸಿದರೆ ಅದ್ಯಾವ ಅಭಿವೃದ್ಧಿ?

ನನ್ನ ಆಸೆ ದೊಡ್ಡದೇನಲ್ಲ. ಪ್ರವಾಸೋದ್ಯಮ ಇಲಾಖೆ ದೋಣಿ ನಡೆಸುವ ಹುಡುಗರಿಗೆ ಒಂದೆರಡು ದಿನ ಕೂರಿಸಿ ಈ ಇತಿಹಾಸ ಹೇಳಿಕೊಡಲಿ. ರೈಲ್ವೆ ಸೇತುವೆ ಕೆಳಗೆ ದೋಣಿ ಹಾಯುವಾಗ ಅವರು ಎರಡು ಮಾತು ಹೇಳಿದರೂ ಸಾಕು. ಇಲ್ಲಿ ಮೆಣಸು ಬರುತ್ತಿತ್ತು, ಇಲ್ಲಿ ಹಡಗು ನಿಲ್ಲುತ್ತಿತ್ತು ಅಂತ. ಅಷ್ಟರವರೆಗೆ ನೀವೇ ಕೇಳಿ, ಹಿರಿಯ ಮೀನುಗಾರರು ಸಿಕ್ಕರೆ ಖಂಡಿತ ಮಾತಾಡಿಸಿ. ಒಂದು ದಿನ ಜಾಸ್ತಿ ಇದ್ದರೆ ಸಾಗರದ ರಸ್ತೆ ಹಿಡಿದು ಗೇರುಸೊಪ್ಪೆಗೆ ಹೋಗಿ ಬನ್ನಿ. ಕಾಡಿನ ನಡುವೆ ಚತುರ್ಮುಖ ಬಸದಿ ಇದೆ, ನಾಲ್ಕೂ ದಿಕ್ಕಿಗೆ ಬಾಗಿಲು. ಮೆಣಸಿನ ದುಡ್ಡು ಎಲ್ಲಿ ಹೋಯಿತು ಅಂತ ಅಲ್ಲಿ ಗೊತ್ತಾಗುತ್ತದೆ.