ಕಲಬುರಗಿಯಲ್ಲಿ ಕಡಿಮೆ ಖರ್ಚಿಗೆ ನಾಲ್ಕು ದಿನ: ರೂಮ್ ಮಾತ್ರ ಕಣ್ಣಾರೆ ನೋಡಿ ಹಿಡಿಯಿರಿ

ಕಲಬುರಗಿಗೆ ಹೋಗುವವರಿಗೆ ನಾನು ಮೊದಲು ಹೇಳುವ ಮಾತು ಇದು: ತಾರಸಿಯ ಕೆಳಗೇ ಇರುವ ಕಡೆಯ ಮಹಡಿಯ ರೂಮ್ ಬೇಡ. ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ.

ಹೋದ ಏಪ್ರಿಲ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅಮ್ಮನಿಗೆ ಗಾಣಗಾಪುರದ ದತ್ತನ ದರ್ಶನ ಆಗಬೇಕಿತ್ತು. ನನಗೆ ಬಹಮನಿ ಸುಲ್ತಾನರ ಕೋಟೆ ನೋಡಬೇಕಿತ್ತು. ಏಪ್ರಿಲ್ ಅಂದಾಗ ಪರಿಚಯದವರೊಬ್ಬರು "ಆ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಆಫೀಸುಗಳೇ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ, ಯೋಚನೆ ಮಾಡಿ" ಅಂದಿದ್ದರು. ಅಮ್ಮನಿಗೆ ರಜೆ ಇದ್ದದ್ದು ಆಗಲೇ, ಹಾಗಾಗಿ ಹೊರಟೆವು. ಅವರ ಮಾತು ಎಷ್ಟು ನಿಜ ಅಂತ ಮೊದಲ ದಿನವೇ ಗೊತ್ತಾಯಿತು.

ರೂಮ್ ಫೋನಿನಲ್ಲೇ ಹಿಡಿದಿದ್ದೆ. ದಿನಕ್ಕೆ 900 ರೂಪಾಯಿ, ಏಸಿ ಇಲ್ಲ, ಕೂಲರ್ ಇದೆ ಅಂದರು. ಎರಡು ದಿನದ ದುಡ್ಡು ಮುಂಚೆಯೇ ಹಾಕಿಸಿಕೊಂಡರು. ಬೆಳಗಿನ ಜಾವ ರೈಲು ಇಳಿದು ಅಲ್ಲಿಗೆ ಹೋದರೆ, ಒಂಬತ್ತು ಗಂಟೆಯವರೆಗೆ ರೂಮ್ ಇಲ್ಲ, ಈಗಲೇ ಬೇಕಿದ್ದರೆ ಅರ್ಧ ದಿನದ ಬಾಡಿಗೆ ಬೇರೆ ಅಂದರು. ಫೋನಿನಲ್ಲಿ ನಾನು ರೈಲಿನ ಸಮಯ ಹೇಳಿಯೇ ಇದ್ದೆ. ಅಮ್ಮನಿಗೆ ರಾತ್ರಿ ನಿದ್ದೆ ಇರಲಿಲ್ಲ, ಕೊಟ್ಟೆ. ರೂಮ್ ನೋಡಿದರೆ ಕಟ್ಟಡದ ತುದಿಯಲ್ಲಿ, ಮೇಲೆ ಬರೀ ತಾರಸಿ. ಕೂಲರ್ ಇತ್ತು, ಆದರೆ ಅದಕ್ಕೆ 200 ರೂಪಾಯಿ ಪ್ರತ್ಯೇಕ, ನೀರು ನಾವೇ ತುಂಬಿಕೊಳ್ಳಬೇಕು. ಮಧ್ಯಾಹ್ನ ಒಂದು ಗಂಟೆಗೆ ನಲ್ಲಿ ತಿರುಗಿಸಿದರೆ ಕೈ ಇಡಲು ಆಗದಷ್ಟು ಬಿಸಿ ನೀರು, ಆ ನೀರನ್ನೇ ಕೂಲರ್‌ಗೆ ಹಾಕಬೇಕು. ಗೋಡೆ ಮುಟ್ಟಿದರೆ ಹೆಂಚು ಮುಟ್ಟಿದ ಹಾಗೆ. ಅಮ್ಮ ಒದ್ದೆ ಟವಲ್ ತಲೆ ಮೇಲೆ ಹಾಕಿಕೊಂಡು ನೆಲದ ಮೇಲೆ ಮಲಗಿದ್ದನ್ನು ನೋಡಿ ನನಗೆ ತುಂಬಾ ಬೇಜಾರಾಯಿತು. ಮರುದಿನ ಬೆಳಿಗ್ಗೆಯೇ ಬಿಟ್ಟೆವು. ಎರಡನೇ ದಿನದ ದುಡ್ಡು ವಾಪಸ್ ಕೊಡಲಿಲ್ಲ.

ಆಮೇಲೆ ಸೂಪರ್ ಮಾರ್ಕೆಟ್ ಹತ್ತಿರ ಒಂದು ಒಳ ಬೀದಿಯಲ್ಲಿ, ಮೊದಲ ಮಹಡಿಯಲ್ಲಿ, ಉತ್ತರಕ್ಕೆ ಕಿಟಕಿ ಇರುವ ರೂಮ್ 700ಕ್ಕೆ ಸಿಕ್ಕಿತು. ಹಾಸಿಗೆ ಹಳೆಯದು, ಟಿವಿ ಇಲ್ಲ. ಆದರೆ ತಂಪಾಗಿತ್ತು, ಅಷ್ಟು ಸಾಕು. ಈ ಊರಲ್ಲಿ ಬೇಸಿಗೆಯಾದರೆ ಹನ್ನೊಂದರಿಂದ ಸಂಜೆ ಐದರವರೆಗೆ ನೀವು ರೂಮಿನಲ್ಲೇ ಇರುತ್ತೀರಿ. ರೂಮ್ ಸರಿ ಇಲ್ಲ ಅಂದರೆ ತಂಪು ಹುಡುಕಿಕೊಂಡು ಹೊರಗೆ ಹೋಗಿ ಆಟೋಗೆ, ಜ್ಯೂಸಿಗೆ, ಏಸಿ ಹೋಟೆಲಿಗೆ ದುಡ್ಡು ಸುರಿಯುತ್ತೀರಿ. ನಮಗೆ ಮೊದಲ ದಿನ ಆಗಿದ್ದು ಅದೇ, ಉಳಿದ ಮೂರು ದಿನ ಸೇರಿಸಿದರೂ ಅಷ್ಟು ಖರ್ಚಾಗಲಿಲ್ಲ. ಹಾಗಾಗಿ ದುಡ್ಡು ಕೊಡುವ ಮೊದಲು ರೂಮಿಗೆ ಹೋಗಿ ಗೋಡೆ ಮುಟ್ಟಿ ನೋಡಿ, ನಲ್ಲಿ ಬಿಟ್ಟು ನೋಡಿ, ಕೂಲರ್ ಹಾಕಿಸಿ ಎರಡು ನಿಮಿಷ ನಿಲ್ಲಿ. ಬಾಡಿಗೆ 24 ಗಂಟೆಗೋ, ಮರುದಿನ ಇಂತಿಷ್ಟು ಗಂಟೆಗೆ ಖಾಲಿ ಮಾಡಬೇಕೋ, ಅದನ್ನೂ ಕೇಳಿ. ಚಳಿಗಾಲದಲ್ಲಿ ಹೋಗುವವರಿಗೆ ಇಷ್ಟೆಲ್ಲ ಬೇಕಾಗಲಿಕ್ಕಿಲ್ಲ, ನವೆಂಬರ್‌ನಿಂದ ಜನವರಿ ಒಳಗೆ ಹೋಗಲು ಆದರೆ ಹಾಗೇ ಮಾಡಿ.

ಅಂದ ಹಾಗೆ, ಸೂಪರ್ ಮಾರ್ಕೆಟ್ ಅಂದರೆ ಅಂಗಡಿ ಅಲ್ಲ, ಊರಿನ ನಡುವಿನ ಒಂದು ಏರಿಯಾ. ಸಿಟಿ ಬಸ್ಸುಗಳು ಹೊರಡುವುದು ಅಲ್ಲಿಂದ. ದೂರದ ಊರುಗಳ ಬಸ್ಸು ಬರುವ ಕೇಂದ್ರ ಬಸ್ ನಿಲ್ದಾಣ ಬೇರೆ ಕಡೆ ಇದೆ. ಇದು ಗೊತ್ತಿಲ್ಲದೆ ರೈಲ್ವೆ ಸ್ಟೇಷನ್ ಎದುರು "ಬಸ್ ಸ್ಟ್ಯಾಂಡ್" ಅಂತ ಸುಮ್ನೆ ಹೇಳಿದರೆ ಆಟೋದವರು ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗಬಹುದು. ನಮ್ಮ ಹತ್ತಿರ ಒಬ್ಬರು 150 ಕೇಳಿದರು. ಅದೇ ದಾರಿಗೆ ಸಂಜೆ ಶೇರ್ ಆಟೋದಲ್ಲಿ ಇಬ್ಬರಿಗೂ ಸೇರಿ 40 ರೂಪಾಯಿ ಆಯಿತು.

ಕೋಟೆಗೆ ಬೆಳಿಗ್ಗೆ ಆರೂವರೆಗೇ ಹೋಗಿ. ಕೇಂದ್ರ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ. ನಾವು ಹೋದಾಗ ಯಾರೂ ಟಿಕೆಟ್ ಕೇಳಲಿಲ್ಲ. ಒಳಗಿನ ಜಾಮಿ ಮಸೀದಿಯನ್ನು ನೋಡಲೇಬೇಕು. 1367ರಲ್ಲಿ ಕಟ್ಟಿದ್ದು. ಮಸೀದಿಗಳಲ್ಲಿ ಸಾಮಾನ್ಯವಾಗಿ ನಡುವೆ ತೆರೆದ ಅಂಗಳ ಇರುತ್ತದೆ ಅಲ್ವಾ, ಇಲ್ಲಿ ಅದಿಲ್ಲ. ಇಡೀ ಕಟ್ಟಡದ ಮೇಲೆ ಚಾವಣಿ, ಸಣ್ಣ ಸಣ್ಣ ಗುಮ್ಮಟಗಳ ಸಾಲು. ಒಳಗೆ ನಿಂತರೆ ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಇನ್ನೊಂದು, ನೋಡಿದಷ್ಟೂ ಮುಗಿಯುವುದಿಲ್ಲ. ಈ ಬಿಸಿಲಿನ ಊರಿನಲ್ಲಿ ಅಂಗಳವನ್ನೂ ಯಾಕೆ ಮುಚ್ಚಿದರು ಅಂತ ಅಮ್ಮನಿಗೆ ಯಾರೂ ಹೇಳಬೇಕಾಗಲಿಲ್ಲ, ಅವರೇ ಕಂಬಕ್ಕೆ ಒರಗಿ "ಇಲ್ಲೇ ಇದ್ದುಬಿಡೋಣ" ಅಂದರು. ಹೊರಗೆ ಎತ್ತರದಲ್ಲಿ 29 ಅಡಿ ಉದ್ದದ ಫಿರಂಗಿ ಇದೆ, ಹತ್ತಿ ನೋಡಿ. ಎಂಟೂವರೆಗೆಲ್ಲ ಹೊರಗೆ ಬಂದುಬಿಡಿ. ಕುಡಿಯುವ ನೀರು ಜೊತೆಗಿರಲಿ.

ಬಂದೇ ನವಾಜರ ದರ್ಗಾಕ್ಕೆ ಸಂಜೆ ಹೋದೆವು. ದಿಲ್ಲಿಯಿಂದ ದಕ್ಷಿಣಕ್ಕೆ ಬಂದು ಇಲ್ಲಿ ನೆಲೆಸಿದ ಸೂಫಿ ಸಂತರು, 1422ರಲ್ಲಿ ತೀರಿಕೊಂಡವರು. ಎಲ್ಲ ಜಾತಿಯ ಜನ ಬರುತ್ತಾರೆ. ಅಮ್ಮ ಸೆರಗು ತಲೆಗೆ ಹೊದ್ದು ಕೈ ಮುಗಿದರು. ನನಗೆ ಗದ್ದಲ ಅಂದರೆ ಆಗುವುದಿಲ್ಲ, ಹಾಗಾಗಿ ಬೇಗ ಹೊರಗೆ ಬಂದು ಹಫ್ತ್ ಗುಂಬಜ್ ಕಡೆ ನಡೆದೆವು. ಬಹಮನಿ ರಾಜಮನೆತನದ ಏಳು ಗೋರಿಗಳು, ನಾವು ಹೋದಾಗ ಅಲ್ಲಿ ನಾಲ್ಕೈದು ಜನ ಇದ್ದರೆ ಹೆಚ್ಚು. ನನಗೆ ಊರಲ್ಲಿ ಬಹಳ ಹಿಡಿಸಿದ ಜಾಗ ಅದು. ಗದ್ದಲ ಆಗದವರು ಉರುಸು ಇದ್ದಾಗ, ಮತ್ತು ಹೋಳಿ ಆದ ಮೇಲೆ ಶರಣಬಸವೇಶ್ವರ ಜಾತ್ರೆ ಇದ್ದಾಗ ಹೋಗಬೇಡಿ, ರೂಮ್ ಸಿಗುವುದೂ ಕಷ್ಟ. ಬುದ್ಧ ವಿಹಾರ ಊರ ಹೊರಗೆ, ಯುನಿವರ್ಸಿಟಿ ಕಡೆ. ಸಿಟಿ ಬಸ್ಸಿನಲ್ಲಿ ಹೋಗಿ, ಆಟೋ ಬೇಡ.

ಈಗ ಊಟದ ವಿಷಯ. ಎರಡನೇ ದಿನ ರೂಮ್ ಬದಲಿಸಿ ಸುಸ್ತಾಗಿ ಬರುವಾಗ ಅದೇ ಬೀದಿಯ ಕೊನೆಯಲ್ಲಿ ಒಂದು ಖಾನಾವಳಿ ಕಂಡಿತು. ಬೋರ್ಡಿನ ಬಣ್ಣ ಹೋಗಿತ್ತು. ಒಳಗೆ ಐದು ಟೇಬಲ್, ನೆಲಕ್ಕೆ ಶಹಾಬಾದ್ ಕಲ್ಲು, ಚಪ್ಪಲಿ ಬಿಟ್ಟರೆ ಕಾಲಿಗೆ ತಂಪು. ಮೂಲೆಯಲ್ಲಿ ಒಬ್ಬ ಅಜ್ಜಿ ರೊಟ್ಟಿ ಬಡಿಯುತ್ತಿದ್ದರು, ಆ ಪಟಪಟ ಸದ್ದು ರಸ್ತೆಗೇ ಕೇಳುತ್ತಿತ್ತು. ತಟ್ಟೆಯಲ್ಲಿ ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹುಳಿ ಸೊಪ್ಪಿನ ಪುಂಡಿ ಪಲ್ಯ, ಕಾಳಿನ ಪಲ್ಯ, ಶೇಂಗಾ ಹಿಂಡಿ ಅಂದರೆ ಶೇಂಗಾ ಚಟ್ನಿ ಪುಡಿ, ಅದರ ಮೇಲೆ ಗಟ್ಟಿ ಮೊಸರು, ಪಕ್ಕದಲ್ಲಿ ಹಸಿ ಮೆಂತ್ಯದ ಸೊಪ್ಪು, ಈರುಳ್ಳಿ. ಪುಂಡಿ ಪಲ್ಯದ ಹುಳಿಗೆ ಅಮ್ಮ ಮೊದಲು ಮುಖ ಕಿವುಚಿದರು, ಆಮೇಲೆ ಅದನ್ನೇ ಎರಡು ಸಲ ಹಾಕಿಸಿಕೊಂಡರು. ಕೊನೆಗೆ ಅನ್ನಕ್ಕೆ ತೊಗರಿ ಬೇಳೆಯ ಸಾರು. ತೊಗರಿಯ ನಾಡಲ್ಲವೇ, ನಮ್ಮ ಮನೆಯಲ್ಲಿ ದಿನಾ ಮಾಡುವ ಬೇಳೆಗೆ ಇಷ್ಟು ರುಚಿ ಇದೆ ಅಂತ ನನಗೆ ಗೊತ್ತಿರಲಿಲ್ಲ. ನಾನು ಸಾಕು ಅಂದಾಗ ಅಜ್ಜಿ ಅಲ್ಲಿಂದಲೇ "ಎಷ್ಟ್ ದೂರದಿಂದ ಬಂದೀರಿ, ಇನ್ನೊಂದು ತಗೋರಿ, ಸಾಕನ್ನಬ್ಯಾಡ್ರಿ" ಅಂದರು. ಇಬ್ಬರಿಗೆ ಸೇರಿ 180 ರೂಪಾಯಿ. ಮುಂದೆ ಊರಲ್ಲಿದ್ದ ಮಧ್ಯಾಹ್ನವೆಲ್ಲ ಅಲ್ಲೇ ಉಂಡೆವು. ಕಲಬುರಗಿಯಲ್ಲಿ ಇಂಥ ಖಾನಾವಳಿ ಹುಡುಕುವುದು ಸುಲಭ. ಮೆನು ಕಾರ್ಡ್ ನೋಡಬೇಡಿ, ರೊಟ್ಟಿ ಬಡಿಯುವ ಸದ್ದು ಕೇಳುತ್ತದಾ ನೋಡಿ. ಹನ್ನೆರಡೂವರೆಗೆ ಹೋದರೆ ಎಲ್ಲ ಪಲ್ಯವೂ ಸಿಗುತ್ತದೆ, ಎರಡು ಗಂಟೆಗೆ ಎಣ್ಣೆಗಾಯಿ ಮುಗಿದಿರುತ್ತದೆ. ಸಂಜೆ ಗಾಡಿಯಲ್ಲಿ ಸುಸಲಾ (ಮಂಡಕ್ಕಿ ಒಗ್ಗರಣೆ) ಮತ್ತು ಮಿರ್ಚಿ ಭಜಿ ತಿಂದರೆ ರಾತ್ರಿಗೆ ಹೆಚ್ಚೇನೂ ಬೇಕಾಗುವುದಿಲ್ಲ. ಮಾಂಸ ತಿನ್ನುವವರು ತಹರಿ, ಅಂದರೆ ಮಾಂಸ ಹಾಕಿದ ಮಸಾಲೆ ಅನ್ನ, ತಿನ್ನದೆ ಬರಬೇಡಿ.

ಗಾಣಗಾಪುರಕ್ಕೆ ಒಂದು ಎಚ್ಚರಿಕೆ. ರೈಲಿನಲ್ಲಿ ಗಾಣಗಾಪುರ ರೋಡ್ ಅಂತ ಸ್ಟೇಷನ್ ಬರುತ್ತದೆ. ಹೆಸರು ನೋಡಿ ಅಲ್ಲಿ ಇಳಿದರೆ ಊರು ಇನ್ನೂ 20 ಕಿಲೋಮೀಟರ್ ಆಚೆ ಇರುತ್ತದೆ. ಕಲಬುರಗಿಯ ಕೇಂದ್ರ ಬಸ್ ನಿಲ್ದಾಣದಿಂದ ಸರ್ಕಾರಿ ಬಸ್ಸು ಹಿಡಿಯುವುದೇ ಒಳ್ಳೆಯದು. ಶಕ್ತಿ ಯೋಜನೆ ಇರುವುದರಿಂದ ಅಮ್ಮನಿಗೆ ಬಸ್ ಚಾರ್ಜ್ ಇಲ್ಲ, ಸಿಟಿ ಬಸ್ಸಿನಲ್ಲೂ ಇಲ್ಲ. ಆಧಾರ್ ಕಾರ್ಡ್ ಕೈಯಲ್ಲಿರಲಿ. ಗುರುವಾರ ಮತ್ತು ಹುಣ್ಣಿಮೆ ಬಿಟ್ಟು ಹೋಗಿ. ನಾವು ಮಂಗಳವಾರ ಮೊದಲ ಬಸ್ಸಿಗೆ ಹೋಗಿದ್ದಕ್ಕೆ ಪಾದುಕೆಯ ದರ್ಶನ ಅರ್ಧ ಗಂಟೆಯಲ್ಲಿ ಆಯಿತು. ಭೀಮಾ, ಅಮರ್ಜಾ ಸೇರುವ ಸಂಗಮ ದೇವಸ್ಥಾನದಿಂದ ಸ್ವಲ್ಪ ದೂರ, ಶೇರ್ ಆಟೋ ಸಿಗುತ್ತದೆ. ಸ್ನಾನ ಮೊದಲು, ದರ್ಶನ ಆಮೇಲೆ ಅಂದುಕೊಂಡವರು ನೇರ ಅಲ್ಲಿಗೇ ಹೋಗಿ. ಮಧ್ಯಾಹ್ನದ ಹೊತ್ತಿಗೆ ದತ್ತ ಯಾವುದಾದರೂ ರೂಪದಲ್ಲಿ ಭಿಕ್ಷೆಗೆ ಬರುತ್ತಾನೆ ಅನ್ನುವ ನಂಬಿಕೆ ಇದೆ, ಜನ ಮಧುಕರಿ ಬೇಡುತ್ತಾರೆ, ನೀಡುತ್ತಾರೆ. ಅಮ್ಮ ಹಿಂದಿನ ದಿನ ಖಾನಾವಳಿಯಲ್ಲಿ ಕಟ್ಟಿಸಿಕೊಂಡಿದ್ದ ಕಡಕ್ ರೊಟ್ಟಿಗಳನ್ನು ಅಲ್ಲಿ ಹಂಚಿದರು. ಆ ಹೊತ್ತಿನಲ್ಲಿ ಅಮ್ಮನಿಗೆ ಬಿಸಿಲು ಕೂಡ ನೆನಪಿರಲಿಲ್ಲ.

ಭೀಮಾ ತೀರದ ಹಳೆಯ ಬೌದ್ಧ ತಾಣ ಸನ್ನತಿಗೆ ಹೋಗಲಿಲ್ಲ. ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರು ಬರೆದ ಅವನದೇ ಶಿಲ್ಪ ಸಿಕ್ಕಿದೆ, ನೋಡುವ ಆಸೆ ತುಂಬಾ ಇತ್ತು. ಆದರೆ ಆ ಬಯಲಿಗೆ ಅಮ್ಮನನ್ನು ಏಪ್ರಿಲ್‌ನಲ್ಲಿ ಕರೆದುಕೊಂಡು ಹೋಗುವ ಧೈರ್ಯ ಬರಲಿಲ್ಲ. ಡಿಸೆಂಬರ್‌ನಲ್ಲಿ ಮತ್ತೆ ಹೋಗುತ್ತೇನೆ.

ವಾಪಸ್ ಹೊರಡುವ ದಿನ ಎರಡು ಕಿಲೋ ತೊಗರಿ ಬೇಳೆ, ಒಂದು ಕಟ್ಟು ಕಡಕ್ ರೊಟ್ಟಿ, ಕಾಲು ಕಿಲೋ ಶೇಂಗಾ ಹಿಂಡಿ ತಗೊಂಡೆವು. ರೊಟ್ಟಿಯನ್ನು ಬ್ಯಾಗಿನಲ್ಲಿ ಅಡ್ಡಡ್ಡ ಇಡಿ, ಮೇಲೆ ಭಾರ ಹಾಕಬೇಡಿ. ರಾತ್ರಿ ರೈಲಿನಲ್ಲಿ ಯಾದಗಿರಿ ದಾಟುವ ಮೊದಲೇ ನಾವು ನಾಲ್ಕು ಮುಗಿಸಿದ್ದೆವು, ಮೊಸರು ಮಾತ್ರ ಸ್ಟೇಷನ್ ಹೊರಗೇ ತಗೊಂಡು ಹತ್ತಿ.