ವಿವಿಎಸ್ ಎಂದು ಬರೆದಿದ್ದರೆ ಅದು ಒಳ್ಳೆಯ ವಜ್ರವೇ?

ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯ ಆಭರಣದಂಗಡಿಯಲ್ಲಿ ಹರಳು ಪರೀಕ್ಷಿಸುವ ನನ್ನ ಮುಂದೆ, ಮಗಳ ಮದುವೆಗೆ ಬೆಂಡೋಲೆ ಕೊಳ್ಳಲು ಗದಗ, ಹಾವೇರಿಗಳಿಂದ ಬಂದವರು ಪ್ರಮಾಣಪತ್ರವನ್ನು ಚಾಚಿ ಕೇಳುವುದು ಇದೊಂದೇ: “ವಿವಿಎಸ್ ಅಂತ ಬರದೈತಿ, ಅಂದ್ರ ಚಲೋ ವಜ್ರ ಹೌದಲ್ರಿ?”

ವಿವಿಎಸ್ ಎಂಬುದು ಹರಳಿನ ನಿರ್ಮಲತೆಯನ್ನಷ್ಟೇ ಹೇಳುತ್ತದೆ. ವಜ್ರಗಳಿಗೆ ದರ್ಜೆ ಕೊಡುವ ಅಮೆರಿಕದ ಜಿಐಎ ಸಂಸ್ಥೆಯ ಕ್ರಮದಲ್ಲಿ, ಚುಕ್ಕೆಯೇ ಇಲ್ಲದ ಎಫ್‌ಎಲ್‌ನಿಂದ ಚುಕ್ಕೆಗಳು ಎದ್ದು ಕಾಣುವ ಐ3ರವರೆಗೆ ನಿರ್ಮಲತೆಗೆ 11 ದರ್ಜೆಗಳಿದ್ದು, ಅವನ್ನು ನಿರ್ಧರಿಸುವುದು 10 ಪಟ್ಟು ಹಿಗ್ಗಿಸಿ ನೋಡಿದಾಗ ಕಾಣುವ ಚುಕ್ಕೆ, ಬಿರುಕುಗಳಿಂದ. ವಿವಿಎಸ್ ಹರಳಿನ ಚುಕ್ಕೆ ನುರಿತ ಕಣ್ಣಿಗೂ ಸುಲಭವಾಗಿ ಸಿಗುವುದಿಲ್ಲ, ನಿಜ. ಆದರೆ ಅದರ ಕೆಳಗಿನ ದರ್ಜೆಯಾದ ವಿಎಸ್ ಹರಳಿನದೂ ಬರಿಗಣ್ಣಿಗೆ ಕಾಣುವುದಿಲ್ಲ, ಇನ್ನೂ ಕೆಳಗಿನ ಎಸ್‌ಐ1ರದೂ ಬಹಳಷ್ಟು ಸಲ ಕಾಣುವುದಿಲ್ಲ.

ನನ್ನ ಬಳಿ 30 ಸೆಂಟಿನ, ಅಂದರೆ 60 ಮಿಲಿಗ್ರಾಂ ತೂಕದ, ಎರಡು ದುಂಡು ಹರಳುಗಳಿವೆ. ಒಂದು ವಿವಿಎಸ್1; ಆದರೆ ತೂಕ ಉಳಿಸಿಕೊಳ್ಳುವ ಆಸೆಯಿಂದ ತಳವನ್ನು ಆಳವಾಗಿ ಬಿಟ್ಟು ಸಾಣೆ ಹಿಡಿದದ್ದು, ಆದ್ದರಿಂದ ಅದರ ಅಡ್ಡಳತೆ 4 ಮಿಲಿಮೀಟರ್ ಮಾತ್ರ. ಇನ್ನೊಂದು ಎಸ್‌ಐ1, ಸರಿಯಾದ ಕೋನಗಳಲ್ಲಿ ಕತ್ತರಿಸಿದ್ದು, 4.3 ಮಿಲಿಮೀಟರ್. ಬಿಳಿ ಕಾಗದದ ಮಡಿಕೆಯಲ್ಲಿ ಎರಡನ್ನೂ ಇಟ್ಟು ಮೆಲ್ಲಗೆ ಅಲುಗಿಸಿದರೆ, ಒಳಹೊಕ್ಕ ಬೆಳಕು ತಳದಲ್ಲಿ ಸೋರಿಹೋಗುವ ಮೊದಲನೆಯದರ ನಡುವೆ ಕಪ್ಪು ಮಂಕು ಕದಲದೆ ನಿಲ್ಲುತ್ತದೆ. ಎರಡನೆಯದು ಅದೇ ಬೆಳಕನ್ನು ಮೇಲಕ್ಕೆ ತಿರುಗಿಸಿ ಮಿರಮಿರನೆ ಮಿಂಚುತ್ತದೆ. ದರ್ಜೆ ಮುಚ್ಚಿಟ್ಟು ತೋರಿಸಿದಾಗ ಬಂದವರು ಎರಡನೆಯದನ್ನೇ ಕೈಗೆತ್ತಿಕೊಳ್ಳುತ್ತಾರೆ. ಆದ್ದರಿಂದ ದುಂಡು ಹರಳಿನ ಪತ್ರದಲ್ಲಿ ಮೊದಲು ‘ಕಟ್’, ಅಂದರೆ ಸಾಣೆ ಹಿಡಿದ ಗುಣ, ಎಂಬ ಸಾಲನ್ನು ಓದಿ, ಅಲ್ಲಿ ಅತ್ಯುತ್ತಮ ದರ್ಜೆಯಾದ ಎಕ್ಸಲೆಂಟ್ ಇದೆಯೇ ನೋಡಿ ಎಂದು ನಾನು ಒತ್ತಿ ಹೇಳುತ್ತೇನೆ.

ಬಣ್ಣವನ್ನು, ಏನೂ ಛಾಯೆಯಿಲ್ಲದ ಡಿಯಿಂದ ಹಳದಿ ಛಾಯೆಯ ಝಡ್‌ವರೆಗೆ ಅಳೆಯುತ್ತಾರೆ. ಏಳು ಹರಳಿನ ಬೆಂಡೋಲೆಯ ಜೋಡಿಗೆ ಬೇಕಾಗುವ 14 ಹರಳುಗಳು ಡಿ ಆಗಿರುವುದಕ್ಕಿಂತ ಒಂದಕ್ಕೊಂದು ಹೊಂದುವುದು ಮುಖ್ಯ. ಹಳದಿ ಬಂಗಾರದಲ್ಲಿ ಕೂರಿಸಿದ ಮೇಲೆ ಎಚ್ ಅಥವಾ ಐ ಬಣ್ಣದ ತೆಳು ಛಾಯೆ ಗುರುತಿಗೆ ಬರುವುದಿಲ್ಲ, ಆದರೆ ಎಫ್ ಹರಳುಗಳ ನಡುವೆ ಸೇರಿಕೊಂಡ ಒಂದೇ ಒಂದು ಕೆ ಹರಳು ಕೂಡಲೇ ಎದ್ದು ಕಾಣುತ್ತದೆ.

ಒಡವೆಯ ಮೇಲಿನ ಹಾಲ್‌ಮಾರ್ಕ್ ಬಂಗಾರದ ಶುದ್ಧತೆಗೆ ಮಾತ್ರ ಸಾಕ್ಷಿ. ವಜ್ರಕ್ಕೆ ಬೇರೆ ಪತ್ರವೇ ಬೇಕು, ಅದೂ ಮಾರುವವರು ತಾವೇ ಬರೆದುಕೊಟ್ಟದ್ದಾಗಿರಬಾರದು. ಪ್ರಯೋಗಾಲಯದಲ್ಲಿ ಬೆಳೆಸಿದ, ಬೆಲೆಯಲ್ಲಿ ಬಹಳ ಅಗ್ಗವಾದ ವಜ್ರಕ್ಕೂ ಇದೇ ಅಕ್ಷರಗಳ ದರ್ಜೆಯಿರುವ ಪತ್ರಗಳು ಬರುತ್ತವೆ, ಬರಿಗಣ್ಣಿಗೆ ಭೇದ ತಿಳಿಯುವುದಿಲ್ಲ. ಹಾಗಾಗಿ ಹರಳು ನೈಸರ್ಗಿಕವೇ ಎಂಬ ಸಾಲನ್ನು ಓದದೆ ಹಣ ಕೊಡಬೇಡಿ. ಹರಳಿನ ಅಂಚಿನಲ್ಲಿ ಲೇಸರ್‌ನಿಂದ ಕೊರೆದ ಸಂಖ್ಯೆಯಿದ್ದರೆ ಭೂತಗನ್ನಡಿ ಕೇಳಿ ಪಡೆದು, ಪತ್ರದ ಸಂಖ್ಯೆಯೊಂದಿಗೆ ಒಂದೊಂದೇ ಅಂಕಿಯನ್ನು ತಾಳೆ ನೋಡಿ. ಅದಕ್ಕೆ ಐದು ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತು ನಾವು ಕಾಯುತ್ತೇವೆ.